ಮರುಗಂಟೆ

ಆ ವರ್ಷ ಗದಗಿನಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತವರ ನಡುವೆಯೂ ಅದೇ ಜಗಳ: ಗಡಿಯಾರ ತಿರುಗಿಸುವುದು ಇರಬೇಕೋ, ಹೋಗಬೇಕೋ?

ವಿದ್ಯುತ್ ಉಳಿಸುವ ಹೆಸರಿನಲ್ಲಿ ದಿಲ್ಲಿಯವರು ಈ ಪದ್ಧತಿ ತಂದು ಎಷ್ಟೋ ವರ್ಷಗಳಾಗಿದ್ದವು. ಬೇಸಿಗೆ ಶುರುವಾಗುವಾಗ ಒಂದು ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಬೇಕು; ದೀಪಾವಳಿ ಮುಗಿದ ಮೇಲೆ ಇನ್ನೊಂದು ಭಾನುವಾರ ಹಿಂದಕ್ಕೆ ಎಳೆಯಬೇಕು. ಮುಂದೆ ತಳ್ಳಿದ ವಾರ ಮಕ್ಕಳು ಕತ್ತಲಲ್ಲೇ ಶಾಲೆಯ ಬಸ್ಸು ಹತ್ತುತ್ತಿದ್ದವು, ಆಸ್ಪತ್ರೆಗಳಿಗೆ ಎದೆನೋವಿನವರು ಹೆಚ್ಚು ಬರುತ್ತಿದ್ದರು. ಎಮ್ಮೆಗಳು ಮಾತ್ರ ಸರ್ಕಾರದ ಆದೇಶ ಓದದೆ ತಮ್ಮ ಹೊತ್ತಿಗೇ ಹಾಲು ಕೊಡುತ್ತಿದ್ದವು. ಉಳಿದ ವಿದ್ಯುತ್ತು ಎಲ್ಲಿ ಹೋಯಿತೆಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಸಾಕಪ್ಪಾ ಸಾಕು ಈ ಕಾಟ ಎಂದು ದೇಶವೇ ಗೊಣಗತೊಡಗಿದಾಗ ಏಕಕಾಲ ಮಸೂದೆ ಸಂಸತ್ತಿಗೆ ಬಂತು. ಪಾಸಾದರೆ ಗಡಿಯಾರಕ್ಕೆ ಇನ್ನು ಮೇಲೆ ಯಾರೂ ಕೈ ಹಚ್ಚುವಂತಿಲ್ಲ.

ಅದನ್ನು ಮೈಮೇಲೆ ಬಂದವರ ಹಾಗೆ ವಿರೋಧಿಸಿದ್ದು ಒಂದೇ ಗುಂಪು: ಮಲಗಿದವರ ಮನೆಯವರು. ಅವರ ಮುಂದಾಳು ಬಸಲಿಂಗವ್ವ. ನೀಲಾಂಬಿಕಾಳ ಗ್ರಹಚಾರ ನೋಡಿ, ಆ ಬಸಲಿಂಗವ್ವ ಅವಳ ಸ್ವಂತ ಅತ್ತೆ.

ಊರಿನಾಚೆ, ಗಾಳಿಯಂತ್ರಗಳು ಸಾಲಾಗಿ ತಿರುಗುವ ಗುಡ್ಡದ ಬುಡದಲ್ಲಿ ಶೀತನಿದ್ರಾ ಕೇಂದ್ರವಿತ್ತು. ಇವತ್ತು ಮದ್ದಿಲ್ಲದ ಕಾಯಿಲೆಯವರನ್ನು ಮದ್ದು ಬರುವವರೆಗೆ ತಣ್ಣಗೆ ಮಲಗಿಸಿಡುವ ಜಾಗ. ಉದ್ದನೆಯ ಗಾಜಿನ ಪೆಟ್ಟಿಗೆಗಳಲ್ಲಿ, ಹೆಚ್ಚುಕಡಿಮೆ ಮಂಜಿನಷ್ಟೇ ತಣ್ಣಗಿನ ದ್ರವದಲ್ಲಿ ಅವರು ಮಲಗಿರುತ್ತಿದ್ದರು. ಹೊರಗೆ ಒಂದು ವರ್ಷ ಕಳೆದರೆ ಅವರ ಮೈಗೆ ಒಂದೆರಡು ದಿನ ಸವೆದಂತೆ, ಅಷ್ಟೇ. ಜನ ಆ ಪೆಟ್ಟಿಗೆಗಳಿಗೆ ತೊಟ್ಟಿಲು ಅನ್ನುತ್ತಿದ್ದರು. ನೀಲಾಂಬಿಕಾ ಅಲ್ಲಿಯ ಪ್ರಯೋಗಾಲಯದಲ್ಲಿ ವಿಜ್ಞಾನಿ. ಅವಳ ಗಂಡ ಗುರುಶಾಂತ ಅಲ್ಲೇ ಎರಡನೆಯ ಸಾಲಿನ ತೊಟ್ಟಿಲಲ್ಲಿ. ಮದುವೆಯಾಗಿ ಮೂರು ವರ್ಷಕ್ಕೆ ಅವನ ನರಗಳು ಒಂದೊಂದಾಗಿ ಸೋಲತೊಡಗಿದ್ದವು. ಮಲಗಿಸಿ ಒಂಬತ್ತು ವರ್ಷವಾಗಿತ್ತು. ಔಷಧ ಇನ್ನು ಹೆಚ್ಚೆಂದರೆ ಐದು ವರ್ಷದಲ್ಲಿ ಕೈಗೆ ಬರುತ್ತದೆ ಎಂದು ವೈದ್ಯರು ಖಾತ್ರಿಯಾಗಿ ಹೇಳುತ್ತಿದ್ದರು.

ಮಲಗಿದವರನ್ನು ನಡುವೆ ಎಬ್ಬಿಸಲು ಬರುವುದಿಲ್ಲವೆಂದೇನಿಲ್ಲ. ಆದರೆ ತಣ್ಣಗಾದ ಮೈಯನ್ನು ಮಾತಾಡುವಷ್ಟು ಎಚ್ಚರಿಸಿದರೆ ಹೃದಯದ ಸ್ನಾಯುವಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಬೀಳುತ್ತವೆ. ಎಚ್ಚರವಿದ್ದ ಪ್ರತಿ ಗಂಟೆಯನ್ನೂ ಯಂತ್ರ ದಾಖಲು ಮಾಡಿಕೊಂಡು, ಮೈ ಮತ್ತೆ ತಣ್ಣಗಾಗುವ ಮೊದಲೇ ಅಷ್ಟಕ್ಕೆ ತಕ್ಕ ಮದ್ದನ್ನು ಹನಿಹನಿಯಾಗಿ ಬಿಟ್ಟು ಆ ಬಿರುಕುಗಳನ್ನು ಮುಚ್ಚುತ್ತಿತ್ತು. ಕೇಂದ್ರದವರು ಅದಕ್ಕೆ ಹೊಲಿಗೆಮದ್ದು ಅನ್ನುತ್ತಿದ್ದರು. ತೊಡಕು ಏನೆಂದರೆ, ಒಂದು ಮೈ ಇಡೀ ಜನ್ಮದಲ್ಲಿ ಹತ್ತು ಗಂಟೆಯ ಎಚ್ಚರಕ್ಕಾಗುವಷ್ಟು ಹೊಲಿಗೆಮದ್ದನ್ನು ಮಾತ್ರ ತಾಳಿಕೊಳ್ಳುತ್ತದೆ. ಮುಂದೆ ಚಿಕಿತ್ಸೆಯ ದಿನ ಆ ಹತ್ತೂ ಗಂಟೆ ಬೇಕು. ಹಾಗಾಗಿ ಸುಮ್ಮನೆ ಮಾತಾಡಿಸಲು ಯಾರನ್ನೂ ಎಬ್ಬಿಸಬಾರದು ಎಂದು ಕಾನೂನು.

ನಮ್ಮ ಜನ ಕಾನೂನಿನಲ್ಲಿ ಕಿಂಡಿ ಹುಡುಕದೆ ಬಿಡುತ್ತಾರೆಯೇ? ಗಡಿಯಾರ ಹಿಂದಕ್ಕೆ ಎಳೆಯುವ ಭಾನುವಾರ ಮಧ್ಯಾಹ್ನ ಹನ್ನೆರಡು ಹೊಡೆದ ಕೂಡಲೇ ಮತ್ತೆ ಹನ್ನೊಂದಾಗುತ್ತಿತ್ತು. ಹನ್ನೊಂದರಿಂದ ಹನ್ನೆರಡರ ಗಂಟೆ ಆ ದಿನ ಎರಡು ಸಲ. ಯಂತ್ರ ಮೊದಲ ಸಲದ್ದನ್ನು ನಿದ್ದೆಯ ಗಂಟೆಯೆಂದು ದಾಖಲು ಮಾಡಿಕೊಂಡಿರುತ್ತಿತ್ತು; ಎರಡನೆಯ ಸಲ ಬಂದಾಗ ಆ ಜಾಗ ಆಗಲೇ ತುಂಬಿದೆಯೆಂದು ಸುಮ್ಮನಾಗುತ್ತಿತ್ತು. ಅಂದರೆ ಆ ಎರಡನೆಯ ಗಂಟೆಯಲ್ಲಿ ಎಬ್ಬಿಸಿದರೆ ಹತ್ತರಲ್ಲಿ ಒಂದೂ ಕಡಿಮೆಯಾಗುವುದಿಲ್ಲ! ಇದನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ನೋಡನೋಡುತ್ತ ಅದೊಂದು ಪದ್ಧತಿಯಾಯಿತು, ಅದಕ್ಕೆ ಮರುಗಂಟೆ ಎಂಬ ಹೆಸರೂ ಬಂತು. ಆ ದಿನ ಮನೆಮಂದಿ ಹೊಸ ಬಟ್ಟೆ ತೊಟ್ಟು, ಡಬ್ಬಿಯಲ್ಲಿ ಗಿರಮಿಟ್ಟು, ಮಾದಲಿ ತುಂಬಿಕೊಂಡು ಕೇಂದ್ರಕ್ಕೆ ಬರುತ್ತಿದ್ದರು. ಮಲಗಿದವರಿಗೆ ತಿನ್ನಿಸುವಂತಿರಲಿಲ್ಲ, ಮೂಗಿನ ಹತ್ತಿರ ಹಿಡಿದರೆ ವಾಸನೆಗೇ ಕಣ್ಣರಳಿಸುತ್ತಿದ್ದರು. ಅಧಿಕಾರಿಗಳು ಸರಿಯಾಗಿ ಅದೇ ಹೊತ್ತಿಗೆ ಊಟಕ್ಕೆ ಹೋಗುತ್ತಿದ್ದರು.

ಬಸಲಿಂಗವ್ವನ ಪಾಲಿಗೆ ವರ್ಷವೆಂದರೆ ಆ ಒಂದು ಗಂಟೆ. ಮಗನಿಗೆ ಏನೇನು ಹೇಳಬೇಕೆಂದು ಶ್ರಾವಣದಿಂದಲೇ ಮನಸ್ಸಿನಲ್ಲಿ ಗಂಟು ಕಟ್ಟಿಡುತ್ತಿದ್ದಳು. ನೀಲಾಂಬಿಕಾ ಏನೂ ಕಟ್ಟಿಡುತ್ತಿರಲಿಲ್ಲ. ಅವನ ಕೈ ಹಿಡಿದುಕೊಂಡು ಸುಮ್ಮನೆ ಕೂರುವುದೇ ಅವಳಿಗೆ ಸಾಕಾಗುತ್ತಿತ್ತು.

ಅವಳಿಗೆ ಅನುಮಾನ ಬಂದದ್ದು ಹಿಂದಿನ ಸಾಲಿನವರಿಂದ. ಅಲ್ಲಿ ದಿಕ್ಕಿಲ್ಲದವರು ಮಲಗಿದ್ದರು. ಸ್ಟೇಷನ್ನಿನಲ್ಲಿ ಸಿಕ್ಕ ಹೆಸರಿಲ್ಲದ ಮುದುಕ, ಅನಾಥಾಶ್ರಮದಿಂದ ಬಂದ ಹೆಣ್ಣುಮಗಳು, ಇಂಥವರು. ಮರುಗಂಟೆಯಲ್ಲೂ ಅವರನ್ನು ಕೇಳುವವರಿರಲಿಲ್ಲ. ಆ ವರ್ಷ ಕೇಂದ್ರಕ್ಕೆ ಹೊಸದೊಂದು ಸ್ಕ್ಯಾನರ್ ಬಂದಿತ್ತು. ಹೃದಯದೊಳಗೆ ಮೊದಲು ಕಾಣದಿದ್ದ ಬಿರುಕುಗಳೂ ಅದರಲ್ಲಿ ಕಾಣುತ್ತಿದ್ದವು. ನೀಲಾಂಬಿಕಾ ಸಾಲಿನಿಂದ ಸಾಲಿಗೆ ಪರೀಕ್ಷೆ ಮಾಡುತ್ತ ಬಂದಳು. ದಿಕ್ಕಿಲ್ಲದವರ ಹೃದಯ ಮಲಗಿಸಿದ ದಿನ ಹೇಗಿತ್ತೋ ಹಾಗೇ ಗಟ್ಟಿ. ಮನೆಯವರಿದ್ದವರದು ಸಾವಿರ ಸಲ ಒಗೆದ ಸೀರೆಯ ಹಾಗೆ ಜಾಳಾಗಿತ್ತು. ಒಂದು ವರ್ಷವೂ ತಪ್ಪದೆ ಯಾರನ್ನು ಮಾತಾಡಿಸಿದ್ದರೋ ಅವರದು ಎಲ್ಲಕ್ಕಿಂತ ಕೆಟ್ಟದು.

ಯಂತ್ರ ಕೆಟ್ಟಿರಬೇಕು ಅಂದುಕೊಂಡು ಮತ್ತೊಮ್ಮೆ ನೋಡಿದಳು. ಕೆಟ್ಟಿರಲಿಲ್ಲ. ಅಯ್ಯೋ ದೇವರೇ, ಎಷ್ಟು ಸುಲಭದ ಲೆಕ್ಕ! ಯಂತ್ರದ ದಾಖಲೆಗೆ ಬಾರದ ಗಂಟೆಗೆ ಯಂತ್ರ ಹೊಲಿಗೆಮದ್ದು ಕೊಡುವುದಾದರೂ ಹೇಗೆ? ಎಲ್ಲರೂ ಹತ್ತರಲ್ಲಿ ಎಷ್ಟು ಉಳಿಯಿತೆಂದು ನೋಡಿದರೇ ಹೊರತು, ಬಿಟ್ಟಿ ಬಂದ ಗಂಟೆಯಲ್ಲಿ ಬಿದ್ದ ಬಿರುಕನ್ನು ಹೊಲಿಯುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅಷ್ಟೆಲ್ಲ ಓದಿದ ಅವಳೂ ಕೇಳಿರಲಿಲ್ಲ. ಗಡಿಯಾರದಲ್ಲಿ ಇಲ್ಲದ ಗಂಟೆ ಮೈಯಲ್ಲೂ ಇಲ್ಲವೆಂದು ನಂಬಿಕೊಂಡು ಗಂಡನ ಕೈ ಹಿಡಿದು ಕೂತಿದ್ದಳು. ಹಳೆಯ ಬಿರುಕಿಗೆ ಈಗ ಮದ್ದು ಹತ್ತುವುದೂ ಇಲ್ಲ.

ಗುರುಶಾಂತನ ಹೃದಯ ಇನ್ನೊಂದು ಸಲ ಎಚ್ಚರವಾಗುವಷ್ಟು ಉಳಿದಿತ್ತು. ಒಂದೇ ಸಲ. ಅದು ಚಿಕಿತ್ಸೆಯ ದಿನಕ್ಕಾಗಬೇಕು, ಇಲ್ಲವೇ ಈ ಮರುಗಂಟೆಗಾಗಬೇಕು. ಎರಡಕ್ಕೂ ಆಗುವಂತಿರಲಿಲ್ಲ.

ಕೇಂದ್ರದ ನಿರ್ದೇಶಕ ಇಟಗಿ ಸಾಹೇಬರು ನೀಲಾಂಬಿಕಾ ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಾಗಿಲು ಹಾಕಿದರು.

"ಈಗ ಇದನ್ನ ಹೊರಗ ಬಿಟ್ರ ಮಂದಿ ಕೇಂದ್ರಕ್ಕ ಬೆಂಕಿ ಹಚ್ಚತಾರ್ರೀ," ಎಂದರು. "ಬೆಂಕಿ ಹಚ್ಚಿದ್ರ ಒಳಗ ಮಲಗಿದವರ ಗತಿ ಏನು? ಹೆಂಗಿದ್ರೂ ಮಸೂದೆ ಬರ್ತದ. ಗಡಿಯಾರ ತಿರಗಸೂದು ನಿಂತ್ರ ಮರುಗಂಟೆನೂ ತಾನ ನಿಲ್ಲತದ. ಯಾರೂ ಬಾಯಿ ತಗೀಬೇಕಂತಿಲ್ಲ."

"ಮಸೂದೆ ಬಿದ್ರ ಸರ್?"

"ಬೀಳೂದಿಲ್ಲ ಬಿಡ್ರಿ. ಇಡೀ ದೇಶಕ್ಕ ಬ್ಯಾಸರಾಗೇದ," ಎಂದು ಅವರು ಕನ್ನಡಕ ಒರೆಸಿಕೊಂಡರು.

ಆದರೆ ಮನೆಯಲ್ಲಿ ಬಾಯಿ ತೆಗೆಯದೆ ಇರುವುದು ನೀಲಾಂಬಿಕಾಳಿಂದ ಆಗಲಿಲ್ಲ. ಅವಳು ಮನೆಗೆ ಬಂದಾಗ ಬಸಲಿಂಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ನಾಳಿನ ಸಭೆಯ ಭಾಷಣವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. "ನನ್ನ ಮಗನ ಗಂಟೆ ನನಗ ಕೊಡ್ರಿ! ವರ್ಷಕ್ಕ ಒಂದ ಗಂಟೆ ಕೇಳಾಕತ್ತೀನಿ, ನಿಮ್ಮ ಆಸ್ತಿ ಕೇಳಾಕತ್ತಿಲ್ಲ!" ಒಂದೊಂದು ಮಾತಿಗೂ ರೊಟ್ಟಿಗೆ ಒಂದೊಂದು ಪೆಟ್ಟು.

"ಅತ್ತಿ, ಈ ಸಲ ಅವರನ್ನ ಎಬ್ಬಸೂದು ಬ್ಯಾಡ್ರಿ."

ಬಡಿತ ನಿಂತಿತು. "ಏನಂದಿ?"

ನೀಲಾಂಬಿಕಾ ಎಲ್ಲವನ್ನೂ ಹೇಳಿದಳು. ಬಿರುಕು, ಹೊಲಿಗೆಮದ್ದು, ಹಿಂದಿನ ಸಾಲಿನವರ ಗಟ್ಟಿ ಹೃದಯ. ಒಂದೇ ಸಲಕ್ಕಾಗುವಷ್ಟು ಉಳಿದಿರುವುದನ್ನು ಕೊನೆಗೆ ಹೇಳಿದಳು.

ಬಸಲಿಂಗವ್ವನ ಮುಖ ಕೆಂಪಾಯಿತು. "ಹುಚ್ಚಿ ಆಗೀಯೇನು ನೀ? ಆ ಮಸೂದೆ ಮಂದಿ ನಿನ್ನ ತಲಿ ಕೆಡಿಸ್ಯಾರ. ಊರ ಊರೇ ನನ್ನ ಬೆನ್ನಿಗೆ ನಿಂತೈತಿ, ನನ್ನ ಮನಿಯಾಕಿನ ನನ್ನ ಕಾಲು ಎಳೀತಾಳ! ಎಬ್ಬಿಸಿ ಮಾತಾಡ್ಸಿದ್ರ ಮಂದಿ ಸಾಯ್ತಾರೇನ? ತಾಯಿ ಮಾರಿ ನೋಡಿದ್ರ ಎದಿ ಹರಿತೈತೇನ?"

"ನಾನೂ ಅವರ ಹೆಂಡ್ತಿ ಅದೀನ್ರಿ. ವರ್ಷಕ್ಕ ನನಗೂ ಇರೂದು ಅದ ಒಂದ ಗಂಟೆ. ಸುಳ್ಳು ಹೇಳಿ ಅದನ್ನ ಕಳಕೊಳ್ಳಾಕ ನನಗೇನು ಹುಚ್ಚು ಹಿಡದೈತೇನ್ರಿ?"

ಹಂಚಿನ ಮೇಲಿದ್ದ ರೊಟ್ಟಿ ಕರಿಕಾಗಿ ಹೊಗೆ ಎದ್ದಿತು. ಇಬ್ಬರಲ್ಲಿ ಯಾರೂ ಅದನ್ನು ತೆಗೆಯಲಿಲ್ಲ. ಬಸಲಿಂಗವ್ವ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ಕೂತಳು.

"ಹೋದ ವರ್ಷ ನೀ ನರ್ಸ್ ಕರಿಯಾಕ ಹೋಗಿದ್ದೆಲ್ಲ, ಆವಾಗ ಅಂದಿದ್ದ," ಎಂದಳು, ತಡೆತಡೆದು. "'ಯವ್ವಾ, ಎದಿ ಯಾರೋ ಹಿಂಡಿದಂಗ ಆಕೈತಿ, ನೀಲಾಗ ಹೇಳಬ್ಯಾಡ' ಅಂತ. ನಮ್ಮನ್ನ ನೋಡಿ ದುಃಖ ಆಗೇತಿ ಅಂತ ತಿಳಕೊಂಡ್ನೆವ್ವಾ ನಾ. ತಲಿ ಸವರಿ ಸುಮ್ಮನಾದೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಆಮೇಲೆ ತಲೆ ಎತ್ತಿ, "ಅವನ್ನ ಕೇಳೂಣು ತಡಿ. ಜೀವ ಅವಂದು. ಅವ ಹೆಂಗ ಅಂತಾನ ಹಂಗ," ಎಂದಳು.

"ಕೇಳಬೇಕಂದ್ರ ಎಬ್ಬಸಬೇಕಲ್ರೀ ಅತ್ತಿ."

ಬಸಲಿಂಗವ್ವ ಎದ್ದು ಕರಿಕಾದ ರೊಟ್ಟಿಯನ್ನು ಹಂಚಿನಿಂದ ತೆಗೆದಳು.

ಮಾರನೆಯ ದಿನ ಅವಳು ಸಭೆಗೆ ಹೋಗಿ, ಭಾಷಣ ಬಿಟ್ಟು, ಸೊಸೆ ಹೇಳಿದ್ದನ್ನೇ ಹೇಳಿದಳು. ಮಂದಿಯೆಲ್ಲ ಬಾಯಿ ತೆರೆದು ಕೂತರು. ಮೊದಲು ಎದ್ದವನು ಅಕ್ಕಸಾಲಿಗ ಮೌನೇಶಪ್ಪ ಪತ್ತಾರ. ಅವನ ಹೆಂಡತಿ ಕಾಳವ್ವ ಗುರುಶಾಂತನ ಪಕ್ಕದ ತೊಟ್ಟಿಲಲ್ಲೇ ಮಲಗಿದ್ದಳು. ಅವನು ಜಗಳಗಂಟನಲ್ಲ, ಒಳ್ಳೆಯ ಮನುಷ್ಯ. ಕೈಯೆತ್ತಿ ನಮಸ್ಕಾರ ಮಾಡಿಯೇ ಮಾತಾಡಿದ.

"ಅಕ್ಕಾರ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ನಿಮ್ಮ ಸೊಸಿ ಸರಕಾರಿ ನೌಕರಿಯಾಕಿ, ಮ್ಯಾಲಿನವರು ಹೇಳಿದ್ದು ಹೇಳ್ಯಾಳ. ನನ್ನ ಕಾಳವ್ವ ಹೋದ ವರ್ಷ ಎದ್ದು ನಕ್ಕಾಳ, ಸೋಬಾನ ಹಾಡ್ಯಾಳ. ಎದಿ ಹರಿದಾಕಿ ಹಾಡ್ತಾಳೇನ್ರಿ?"

ಹೌದು ಹೌದು ಎಂದು ಮಂದಿ ಚಪ್ಪಾಳೆ ತಟ್ಟಿದರು. ಮಸೂದೆ ಮುಂದಿಟ್ಟುಕೊಂಡು ಹೆದರಿಸಲು ಬಂದಿದ್ದಾರೆ, ಇಷ್ಟು ವರ್ಷ ಇಲ್ಲದ ಬಿರುಕು ಈಗ ಎಲ್ಲಿಂದ ಬಂತು ಎಂದು ಯಾರೋ ಕೂಗಿದರು. ಬಸಲಿಂಗವ್ವ ಮನೆಗೆ ಬಂದಳು. ಹೋರಾಟ ಅವಳನ್ನು ಬಿಟ್ಟೇ ಮುಂದೆ ಹೋಯಿತು. ಬಿಟ್ಟು ಹೋಯಿತು ಅನ್ನುವುದೂ ಸರಿಯಲ್ಲ, ಏಕೆಂದರೆ ಅವಳ ಹಳೆಯ ಭಾಷಣದ ರೆಕಾರ್ಡು ಅವರ ಹತ್ತಿರವಿತ್ತು. ಆಟೋದ ಮೇಲೆ ಸ್ಪೀಕರು ಕಟ್ಟಿಕೊಂಡು ಓಣಿ ಓಣಿ ತಿರುಗಿದರು. ಬಸಲಿಂಗವ್ವ ಅಂಗಳ ಸಾರಿಸುತ್ತಿದ್ದರೆ ಬೀದಿಯ ಆ ತುದಿಯಿಂದ ಅವಳದೇ ದನಿ ಕೂಗಿಕೊಂಡು ಬರುತ್ತಿತ್ತು: ನನ್ನ ಮಗನ ಗಂಟೆ ನನಗ ಕೊಡ್ರಿ! ಅವಳು ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ಕೂಗು ಟೀವಿಗೆ ಹೋಯಿತು. ಟೀವಿಯಿಂದ ದಿಲ್ಲಿಗೆ ಹೋಯಿತು.

ಮಸೂದೆಯ ಮತದಾನ ಕೊನೆಗೂ ಗಡಿಯಾರ ತಿರುಗಿಸುವ ಭಾನುವಾರದ ಬೆಳಿಗ್ಗೆಗೇ ಬಂದು ನಿಂತಿತು. ಬೀಗರು ಪಂಕ್ತಿಯಲ್ಲಿ ಕೂತ ಮೇಲೆ ಅಕ್ಕಿ ಆರಿಸುವ ಕೆಲಸ ನಮ್ಮ ಸರ್ಕಾರದ್ದು. ಮಧ್ಯಾಹ್ನ ಗಡಿಯಾರ ಹಿಂದಕ್ಕೆ ಹೋಗುತ್ತದೋ ಇಲ್ಲವೋ ಎಂಬುದು ಆ ಬೆಳಿಗ್ಗೆಯವರೆಗೂ ದೇಶದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಂದ್ರದ ಪಡಸಾಲೆಯಲ್ಲಿ ದೊಡ್ಡ ಟೀವಿ ಇಟ್ಟಿದ್ದರು. ಹೊಸ ಸೀರೆ, ಮಲ್ಲಿಗೆ, ಡಬ್ಬಿಗಳ ವಾಸನೆ. ಪ್ರತಿ ವರ್ಷದಂತೆ ಆ ಬೆಳಿಗ್ಗೆ ತೊಟ್ಟಿಲುಗಳ ದ್ರವ ಬದಲಿಸಲು ಮಲಗಿದವರ ಮೈಯನ್ನು ಎಚ್ಚರದ ಹತ್ತಿರದವರೆಗೆ ಬೆಚ್ಚಗೆ ಮಾಡಿದ್ದರು. ಮನೆಯಲ್ಲಿ ಕೂರಲಾರದೆ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ಬರೀ ನೋಡಿಕೊಂಡು ಹೋಗೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು.

ಪಾಸಾಗಲಿ ದೇವರೇ, ಪಾಸಾಗಲಿ ಎಂದು ನೀಲಾಂಬಿಕಾ ಒಳಗೊಳಗೇ ಬೇಡುತ್ತಿದ್ದಳು. ಗಂಟೆಯೇ ಇಲ್ಲದಿದ್ದರೆ ಆಸೆಯೂ ಇರುವುದಿಲ್ಲ.

ಟೀವಿಯಲ್ಲಿ ಒಬ್ಬ ಸಂಸದ ಎದ್ದು ನಿಂತು, ಗದಗಿನ ಒಬ್ಬ ತಾಯಿ ಏನು ಕೇಳುತ್ತಿದ್ದಾಳೆ ಗೊತ್ತೇ ಎಂದು ಕಣ್ಣೊರೆಸಿಕೊಂಡ. ಮತ ಎಣಿಸಿದರು. ಕೂದಲೆಳೆಯ ಅಂತರದಲ್ಲಿ ಮಸೂದೆ ಬಿತ್ತು.

ಪಡಸಾಲೆ ಹೋ ಎಂದಿತು. ಹೊರಗೆ ಹಲಗೆಯವರು ಬಾರಿಸಲು ಶುರುಮಾಡಿದರು. ಮಂದಿ ಬಸಲಿಂಗವ್ವನನ್ನು ಹುಡುಕಿಕೊಂಡು ಬಂದು ಅವಳ ಕೊರಳಿಗೆ ಹಾರ ಹಾಕಿದರು. ಏನೇ ಅಂದಿರಲಿ, ಗೆಲ್ಲಿಸಿದ್ದು ನೀವೇ ಎಂದು ಮೌನೇಶಪ್ಪ ಅವಳ ಕಾಲು ಮುಟ್ಟಿದ. ಅವಳು ಕಲ್ಲಾಗಿ ನಿಂತಿದ್ದಳು. ಹನ್ನೆರಡು ಹೊಡೆಯಿತು. ಗೋಡೆಯ ಮೇಲಿನ ಗಡಿಯಾರ 'ಹನ್ನೊಂದು' ಎಂದು ತೋರಿಸಿತು. ಅಧಿಕಾರಿಗಳು ಊಟಕ್ಕೆ ಎದ್ದರು.

ಎಬ್ಬಿಸಬೇಕಾದರೆ ತೊಟ್ಟಿಲ ಪಕ್ಕದ ಫಲಕದ ಮೇಲೆ ಮನೆಯವರಿಬ್ಬರು ಒಟ್ಟಿಗೆ ಹೆಬ್ಬೆರಳು ಒತ್ತಬೇಕು. ಒಬ್ಬರ ಹಟಕ್ಕೆ ಯಾರೂ ಏಳದಿರಲಿ ಎಂದು ಕೇಂದ್ರದವರು ಮಾಡಿದ ಏರ್ಪಾಡು. ಪಕ್ಕದಲ್ಲಿ ಮೌನೇಶಪ್ಪ ಮತ್ತು ಅವನ ಮಗಳು ಬೆರಳೊತ್ತಿದರು. ಗಾಜಿನ ಮುಚ್ಚಳ ತೆರೆದುಕೊಂಡಿತು. ಕಾಳವ್ವ ಕಣ್ಣು ಬಿಟ್ಟು, ಗಂಡನನ್ನು ನೋಡಿ, "ಎಷ್ಟು ಸೊರಗೀರಿ ನೀವು," ಎಂದಳು. ಸಾಲಿನ ಉದ್ದಕ್ಕೂ ಒಬ್ಬೊಬ್ಬರೇ ಎದ್ದರು. ನಗು, ಅಳು, ಮಕ್ಕಳ ಹೆಸರು ಹೇಳಿಸುವುದು, ಡಬ್ಬಿ ತೆರೆಯುವ ಸದ್ದು.

ಗುರುಶಾಂತನ ತುಟಿಗೆ ಬಣ್ಣ ಬಂದಿತ್ತು. ರೆಪ್ಪೆಯ ಕೆಳಗೆ ಕಣ್ಣು ಅತ್ತಿತ್ತ ಹೊರಳುತ್ತಿತ್ತು. ಇನ್ನೇನು ಎದ್ದು ಮಾತಾಡುತ್ತಾನೆ ಅನ್ನುವಂತಿದ್ದ. ಬಸಲಿಂಗವ್ವ ಕೊರಳ ಹಾರವನ್ನು ಕಿತ್ತು ಬಿಸಾಕಿ ಗಾಜಿಗೆ ಹಣೆ ಹಚ್ಚಿದಳು. ಆಮೇಲೆ ಅವಳ ಹೆಬ್ಬೆರಳು ತಾನಾಗಿ ಫಲಕದ ಮೇಲೆ ಹೋಗಿ ಕೂತಿತು.

"ನೀಲಾ, ಒಂದ ಸಲ. ಮಾತಾಡ್ಸೂದಿಲ್ಲ. ಮಾರಿ ಅಷ್ಟ ನೋಡ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ."

"ಬ್ಯಾಡ್ರೀ ಅತ್ತಿ." ನೀಲಾಂಬಿಕಾ ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅತ್ತೆ ಬೈದಳು, ಕಟುಕಿ ಎಂದಳು, ಗಂಡ ಬೇಡವಾಗಿದ್ದಾನೆ ನಿನಗೆ ಎಂದಳು, ಸೆರಗೊಡ್ಡಿ ಬೇಡಿದಳು. ನೀಲಾಂಬಿಕಾ ಕೈ ಬಿಚ್ಚಲಿಲ್ಲ. ಕೊನೆಗೆ ಬಸಲಿಂಗವ್ವ ದಣಿದು, ಫಲಕದಿಂದ ಕೈ ತೆಗೆದು, ತೊಟ್ಟಿಲ ಬುಡದಲ್ಲಿ ಕುಸಿದು ಕೂತಳು. ಅಲ್ಲಿಗೆ ಅವಳ ಹೊಯ್ದಾಟ ಮುಗಿಯಿತು. ಮುಖ ಒರೆಸಿಕೊಂಡು ಶಾಂತಳಾದಳು.

ಗಂಟೆ ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಪಕ್ಕದಲ್ಲಿ ಕಾಳವ್ವ ಸಣ್ಣ ದನಿಯಲ್ಲಿ ಸೋಬಾನ ಹಾಡತೊಡಗಿದಳು. ನೀಲಾಂಬಿಕಾ ಗಂಡನ ಕಡೆ ನೋಡಿದಳು. ಹಾಡು ಕೇಳಿಸಿತೋ ಏನೋ, ಅವನ ತುಟಿ ಅಲುಗಿದಂತಾಯಿತು. ಸ್ಕ್ಯಾನರಿನ ಚಿತ್ರ ತಪ್ಪಿದ್ದರೆ? ಅವನು ಇನ್ನೊಂದು ಸಲವಲ್ಲ, ಇನ್ನೆರಡು ಸಲ ತಾಳಿಕೊಂಡರೆ? ಔಷಧ ಬಾರದೇ ಹೋದರೆ, ಮತ್ತೆ ಅವನ ದನಿಯನ್ನೇ ಕೇಳದೆ ತಾನು ಮುದುಕಿಯಾದರೆ? ಅವಳಿಗೆ ಕಣ್ಣು ಕತ್ತಲೆ ಬಂತು. ಅರಿವಾಗುವಷ್ಟರಲ್ಲಿ ಅವಳ ಹೆಬ್ಬೆರಳು ಫಲಕದ ಮೇಲಿತ್ತು, ಇನ್ನೊಂದು ಕೈ ಅತ್ತೆಯ ಮಣಿಕಟ್ಟು ಹಿಡಿದು ಮೇಲಕ್ಕೆಳೆಯುತ್ತಿತ್ತು.

"ಒತ್ರಿ ಅತ್ತಿ! ಲಗೂನ ಒತ್ರಿ! ಹೊತ್ತಾಕೈತಿ!"

ಬಸಲಿಂಗವ್ವ ಎದ್ದು ಸೊಸೆಯ ಕೆನ್ನೆಗೆ ಫಟಾರನೆ ಒಂದು ಬಿಟ್ಟಳು. ಆಮೇಲೆ ಅವಳನ್ನು ಎಳೆದು ಎದೆಗೆ ಅವುಚಿಕೊಂಡು, ಹನ್ನೆರಡು ಹೊಡೆಯುವವರೆಗೆ ಬಿಡಲಿಲ್ಲ.

ತೊಟ್ಟಿಲುಗಳ ಮುಚ್ಚಳಗಳು ಒಂದೊಂದಾಗಿ ಮುಚ್ಚಿಕೊಂಡವು. ಕಾಳವ್ವನದು ಮುಚ್ಚಲಿಲ್ಲ. ಹಾಡು ನಡುವೆಯೇ ನಿಂತಿತ್ತು. ಅವಳ ತಲೆ ಗಂಡನ ತೋಳಿನ ಮೇಲೆ ವಾಲಿತ್ತು. ನೀಲಾಂಬಿಕಾ ಓಡಿಹೋಗಿ ಎದೆ ಒತ್ತಿದಳು, ಸೂಜಿ ಚುಚ್ಚಿದಳು, ಕೈಲಾದದ್ದೆಲ್ಲ ಮಾಡಿದಳು. ಆ ಹೃದಯದಲ್ಲಿ ಮತ್ತೆ ಬಡಿಯುವಂಥದ್ದು ಏನೂ ಉಳಿದಿರಲಿಲ್ಲ.

ಇನ್ನಾದರೂ ಮಂದಿಗೆ ತಿಳಿಯುತ್ತದೆ ಅಂದುಕೊಂಡು ಅವಳು ತಲೆಯೆತ್ತಿದಳು. ಸುತ್ತ ನಿಂತವರು ಕೈ ಮುಗಿದಿದ್ದರು. ಮೌನೇಶಪ್ಪ ಕಣ್ಣೀರು ಸುರಿಸುತ್ತ ಹೆಂಡತಿಯ ಮುಂಗುರುಳು ಸರಿಮಾಡುತ್ತಿದ್ದ.

"ಪುಣ್ಯವಂತಿ," ಎಂದಳು ಒಬ್ಬ ಹೆಂಗಸು. "ಗಂಡನ ತೋಳಿನ ಮ್ಯಾಲೆ, ಹಾಡ್ಕೋತ ಹೋದ್ಲು. ಯಾರಿಗೆ ಸಿಗತೈತಿ ಇಂಥಾ ಸಾವು?"

"ಮರುಗಂಟೆ ಇರಲಿಲ್ಲಂದ್ರ ಆ ಗಾಜಿನ ಪೆಟ್ಟಿಗ್ಯಾಗ ಒಬ್ಬಾಕಿನ ಹೋಗಿರತಿದ್ಲು," ಎಂದ ಇನ್ನೊಬ್ಬ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಇದು ಬಿರುಕು, ಇದೇ ನಾನು ಹೇಳಿದ ಬಿರುಕು ಎಂದು ನೀಲಾಂಬಿಕಾ ಕೂಗಿದಳು. ಪಾಪ, ದುಃಖಕ್ಕೆ ಏನೇನೋ ಮಾತಾಡುತ್ತಾಳೆ ಎಂದು ಅವಳಿಗೆ ನೀರು ತಂದುಕೊಟ್ಟರು.

ಸಂಜೆ ಅತ್ತೆ ಸೊಸೆ ಇಬ್ಬರೂ ಕೇಂದ್ರದ ಮೆಟ್ಟಿಲ ಮೇಲೆ ಕೂತಿದ್ದರು. ಹಲಗೆಯವರು ಊರ ಕಡೆ ಮೆರವಣಿಗೆ ಹೊರಟಿದ್ದರು. ಆಟೋದ ಸ್ಪೀಕರಿನಲ್ಲಿ ಬಸಲಿಂಗವ್ವ ತನ್ನ ಮಗನ ಗಂಟೆಯನ್ನು ಕೇಳುತ್ತಲೇ ಇದ್ದಳು.

"ಬರೂ ವರ್ಷ ನನ್ನ ಮನಿಯಾಗ ಹಾಕಿ ಕೀಲಿ ಹಾಕ್ಕೊಂಡು ಬಾ," ಎಂದಳು ಬಸಲಿಂಗವ್ವ.

"ನಿಮಗ ನಾ ಹಾಕ್ತೀನ್ರಿ. ನನಗ ಯಾರು ಹಾಕಬೇಕು?"

ಬಸಲಿಂಗವ್ವ ಸೊಸೆಯ ಕೆನ್ನೆಯ ಮೇಲೆ ಎದ್ದ ಬಾಸುಂಡೆಯನ್ನು ಬೆರಳಿನಿಂದ ಸವರಿದಳು. "ಇವತ್ತ ನಾ ಸೋತಾಗ ನೀ ಗಟ್ಟಿ ಇದ್ದಿ. ನೀ ಸೋತಾಗ ನಾ ಗಟ್ಟಿ ಇದ್ದೆ." ಆಮೇಲೆ ಕೇಳಿದಳು, "ಇಬ್ರೂ ಕೂಡೇ ಸೋತ್ವಿ ಅಂದ್ರ?"

ನೀಲಾಂಬಿಕಾ ಬೆರಳು ಮಡಚಿ ಎಣಿಸಿದಳು. ಔಷಧ ಬರುವುದರೊಳಗೆ ಇನ್ನೂ ನಾಲ್ಕು ಮರುಗಂಟೆಗಳನ್ನು ದಾಟಬೇಕಿತ್ತು.